ಒಂದು ಬೆರಳಿನ ಟೈಪಿಂಗ್

ಮನೆ, ಮುಂದಿನ ಕೋಣೆ
ಬುಧವಾರ, ಹನ್ನೆರಡನೆಯ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಗಿಲಕೀ,

ಹೇಗಿದ್ದೀಯ? ಕತ್ತೆ ಒದ್ದ ಮೊಣಕಾಲಿನ ಊತ ಇಳಿಯಿತೇ? ಕಂಡ ಪ್ರಾಣಿಗಳಿಗೆಲ್ಲ ಬ್ಯಾಂಡೇಜು ಸುತ್ತುವ ಪಶುವೈದ್ಯೆಗೆ ತನ್ನ ಕಾಲಿಗೆ ಒಂದು ತುಂಡು ಬಟ್ಟೆ ಸುತ್ತಿಕೊಳ್ಳಲು ಪುರುಸೊತ್ತಿಲ್ಲ ಎಂದು ನಿಮ್ಮಪ್ಪ ದಿನಕ್ಕೆರಡು ಸಲ ಗೊಣಗುತ್ತಾರೆ. ರಾತ್ರಿ ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೊ. ಕತ್ತೆಯ ಹಿಂದೆ ನಿಲ್ಲಬೇಡ. ಇಷ್ಟನ್ನು ನಿನಗೆ ಕಾಲೇಜಿನಲ್ಲಿ ಐದು ವರ್ಷ ಹೇಳಿಕೊಟ್ಟಿರುತ್ತಾರೆ, ಆದರೂ ತಾಯಿ ಹೇಳಿದರೆ ಬೇರೆ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಕೆಮ್ಮು ವಾಸಿ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಕೈಗೆ ಏನೂ ಆಗಿಲ್ಲ. ನಲವತ್ತು ವರ್ಷ ಟೈಪ್ ಮಾಡಿದವಳ ಕೈಬರಹ ಕಾಗೆಕಾಲು ಗುಬ್ಬಿಕಾಲು ಆಗದೆ ಇನ್ನೇನಾಗುತ್ತದೆ? ಪೆನ್ನು ಹಿಡಿದು ಮೂರು ಹಾಳೆ ಬರೆಯುವ ಕಾಲ ಮತ್ತೆ ಬರುತ್ತದೆ ಎಂದುಕೊಂಡಿರಲಿಲ್ಲ. ಮೇಲ್ ಮಾಡೋಣವೆಂದರೆ ನನ್ನ ಹೆಸರಿನಲ್ಲಿ ಬಂದ ಮೇಲನ್ನು ಈಗ ಯಾರೂ ತೆರೆಯುವುದಿಲ್ಲ, ತೆರೆಯಲೂಬಾರದು. ಫೋನಿನಲ್ಲಿ ಹೇಳೋಣವೆಂದರೆ ನೀನು ಆಫೀಸಿನ ಜಗಲಿಯ ಮೇಲೆ ನಾಲ್ಕು ಜನರ ಮಧ್ಯೆ ನಿಂತು ಮಾತಾಡುತ್ತೀಯ, ನನಗೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಕಾಗದ. ಶನಿವಾರ ಬರುವ ಟಪಾಲಿನ ವ್ಯಾನಿನಲ್ಲಿ ನಿನಗೆ ಸಿಕ್ಕರೆ, ಇಪ್ಪತ್ತನೆಯ ತಾರೀಖಿನೊಳಗೆ ಆ ಮೆಮೋಗೆ ನೀನು ಕೊಡಬೇಕಾದ ಉತ್ತರಕ್ಕೆ ಆಗುತ್ತದೆ.

ಸುತ್ತಿ ಬಳಸಿ ಹೇಳುವುದಿಲ್ಲ. ಮೊನ್ನೆ ಸೋಮವಾರ ನೀನು ಫೋನ್ ಮಾಡಿ ಅತ್ತೆಯಲ್ಲ, ನಿನ್ನ ಇ-ಮೇಲಿನಿಂದ ನಿಮ್ಮ ಪಶುಚಿಕಿತ್ಸಾ ಕೇಂದ್ರದವರಿಗೆಲ್ಲ ಯಾವುದೋ ಹಾಳು ಲಿಂಕ್ ಹೋಯಿತು, ಅದನ್ನು ಯಾರೋ ಒತ್ತಿದರು, ಆಫೀಸಿನ ಕಂಪ್ಯೂಟರ್ ಎರಡು ದಿನ ನಿಂತುಹೋಯಿತು, ಯಾವ ಪ್ರಾಣಿಗೆ ಯಾವ ಔಷಧಿ ಎಷ್ಟು ಎಂದು ತೆಗೆದು ನೋಡಲಾಗದೆ ಎಲ್ಲರೂ ಒದ್ದಾಡಿದರು, ಅದಕ್ಕೆ ದೊಡ್ಡ ಡಾಕ್ಟರು ನಿನಗೆ ಮೆಮೋ ಕೊಟ್ಟಿದ್ದಾರೆ ಎಂದು. "ನಾನೇ ಏನೋ ಒತ್ತಿರ್ಬೇಕು ಕಣಮ್ಮಾ, ನಂಗೆ ನೆನಪಾಗ್ತಿಲ್ಲ" ಅಂದೆ. ನೀನು ಏನನ್ನೂ ಒತ್ತಿಲ್ಲ. ತಪ್ಪು ನಿನ್ನದಲ್ಲ, ಈ ಮನೆಯದು, ಈ ಮನೆಯಲ್ಲೂ ನನ್ನದು. ಫೋನಿನಲ್ಲಿ ಅದನ್ನು ಹೇಳಬೇಕಾದ ಜಾಗದಲ್ಲಿ ನಾನು ಏನು ಹೇಳಿದೆ ಎಂದು ನಿನಗೆ ನೆನಪಿದೆಯೇ? "ಹೋಗ್ಲಿ ಬಿಡು, ಇನ್ಮೇಲಾದ್ರೂ ಹುಷಾರಾಗಿರು" ಎಂದೆ. ನಿನಗೆ ಬುದ್ಧಿ ಹೇಳಿದೆ!

ಮೊದಲಿನಿಂದ ಹೇಳುತ್ತೇನೆ. ಹೋದ ತಿಂಗಳ ಕೊನೆಯ ವಾರ, ಒಂದು ಗುರುವಾರ ಬೆಳಿಗ್ಗೆ, ಹಲ್ಲಿನ ಡಾಕ್ಟರಿಂದ ಫೋನ್ ಬಂತು. "ನೀವು ಕಳಿಸಿದ ಮೇಲಲ್ಲಿ ನನ್ನ ಫೋಟೋ ಇದೆ ಅಂದ್ರಲ್ಲ, ಯಾವ ಫೋಟೋ?" ಎಂದು. ನಾನು ಯಾವ ಮೇಲನ್ನೂ ಕಳಿಸಿರಲಿಲ್ಲ. ಅಷ್ಟರಲ್ಲಿ ಟೈಪಿಂಗ್ ಶಾಲೆಯ ನನ್ನ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಮೇಷ್ಟ್ರು ಫೋನ್ ಮಾಡಿದರು. ನಿನಗೆ ಗೊತ್ತಲ್ಲ, ನಾನೀಗ ಟೈಪ್ ಮಾಡಿಕೊಡುತ್ತಿರುವ ಪುಸ್ತಕ ಬರೆದವರು, ಬಂಡೆಗಳ ವಯಸ್ಸು ಹೇಳುವವರು. ಅವರು ಪಾಪ ಆ ಲಿಂಕನ್ನು ಮೂರು ಸಲ ಒತ್ತಿದರಂತೆ. "ಫೋಟೋ ಕಾಣ್ತಾನೇ ಇಲ್ಲಮ್ಮ, ಇನ್ನೊಂದ್ಸಲ ಕಳಿಸ್ತೀಯಾ?" ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ವಿಳಾಸದ ಪಟ್ಟಿಯಲ್ಲಿದ್ದ ನೂರ ನಲವತ್ತಮೂರು ಜನಕ್ಕೂ ಹೋಗಿತ್ತು. ಒಂದು ಕಾಗುಣಿತದ ತಪ್ಪಿಗೆ ಇಡೀ ಪುಟ ಹರಿದು ಮತ್ತೆ ಟೈಪ್ ಮಾಡುತ್ತಿದ್ದ ನಾನು, ಆ ನೂರ ನಲವತ್ತಮೂರು ಜನಕ್ಕೆ ಕ್ಷಮೆ ಕೇಳುತ್ತಾ ಕುಳಿತೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಶನಿವಾರ ರಿಪೇರಿಯಮ್ಮ ಬಂದರು. ನಾವಿಟ್ಟ ಹೆಸರು ಅದು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಾರೆ. ನನ್ನ ಕುರ್ಚಿಯಲ್ಲಿ ಕುಳಿತು, ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ ನಿಧಾನವಾಗಿ ಬ್ರೌಸರನ್ನು ಕೆದಕುತ್ತಾ ಹೋದರು. ನಾನು, ನಿಮ್ಮಪ್ಪ ಎರಡು ಪಕ್ಕದಲ್ಲಿ ನಿಂತಿದ್ದೆವು. ಮೂಲೆಯಲ್ಲಿದ್ದ ಕೆಂಪು ಗುರುತು ತೋರಿಸಿ "ಇದು ಎಷ್ಟು ದಿನದಿಂದ ಕೆಂಪಾಗಿದೆ?" ಎಂದರು. ಅದು ಮೊದಲು ಹಸಿರಿತ್ತು, ಆಮೇಲೆ ಕಿತ್ತಳೆಯಾಯಿತು, ಆಮೇಲೆ ಕೆಂಪಾಯಿತು, ಅಲಂಕಾರಕ್ಕೆ ಬಣ್ಣ ಬದಲಿಸುತ್ತದೆ ಎಂದುಕೊಂಡಿದ್ದೆ ಎಂದೆ. ಅವರು ನಗಲಿಲ್ಲ. ಅದು ಅಪ್‌ಡೇಟ್ ಮಾಡು ಎಂದು ಕೂಗುತ್ತಿತ್ತಂತೆ, ಕಿಟಕಿಯ ಚಿಲಕ ಸಡಿಲವಾಗಿದೆ, ಹೊಸದು ತಂದಿದ್ದೇನೆ, ಹಾಕಿಸಿಕೊ ಎಂದು ತಿಂಗಳುಗಟ್ಟಲೆ ಬಾಗಿಲಲ್ಲಿ ನಿಂತಿತ್ತಂತೆ. ಆಮೇಲೆ, ನನಗೆ ಸೂಚನೆ ಕಳಿಸಲು ಯಾವ ಯಾವ ತಾಣಗಳಿಗೆ ನಾನು ಒಪ್ಪಿಗೆ ಕೊಟ್ಟಿದ್ದೇನೆ ಎಂದು ತೆಗೆದರೆ ಮೂವತ್ತೇಳು. ಕಂಪ್ಯೂಟರಿನಲ್ಲಿ ವೈರಸ್ ಇದೆ, ಈಗಲೇ ಇಲ್ಲಿ ಒತ್ತಿ ಎಂದು ದಿನಾ ಮೂಲೆಯಿಂದ ಇಣುಕುತ್ತಿದ್ದದ್ದು ಕಂಪ್ಯೂಟರ್ ಅಲ್ಲವಂತೆ, ಆ ಮೂವತ್ತೇಳರಲ್ಲಿ ಯಾವುದೋ ಒಂದಂತೆ. ಬೀಗದ ಚಿತ್ರ ಇದ್ದರೆ ಒಳ್ಳೆಯ ತಾಣ ಅಲ್ಲವೇ ಎಂದು ನಾನು ಜಾಣೆಯ ಹಾಗೆ ಕೇಳಿದೆ. "ದಾರೀಲಿ ಯಾರೂ ಕದ್ದು ಕೇಳಲ್ಲ ಅಂತ ಅಷ್ಟೇ ಅದರರ್ಥ. ಆ ಕಡೆ ಇರೋನು ಒಳ್ಳೆಯವನಾ ಅಂತ ಬೀಗ ಹೇಳಲ್ಲ. ಕಳ್ಳನ ಮನೆಗೂ ಬೀಗ ಇರುತ್ತೆ ಅಲ್ವಾ?" ಎಂದರು.

ಕೊನೆಗೆ ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆಗೆದರು. ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಹೆಚ್ಚುವರಿ ಸಾಮಾನುಗಳು ಅವು, ನಿಘಂಟು ತೋರಿಸುವುದು, ಜಾಹೀರಾತು ತಡೆಯುವುದು, ಇಂಥವು. ಮನೆಯೊಳಗೆ ಕೆಲಸಕ್ಕೆ ಇಟ್ಟುಕೊಂಡವರಿದ್ದ ಹಾಗೆ, ಅವಕ್ಕೆ ಎಲ್ಲವೂ ಕಾಣುತ್ತದೆ, ನಾವು ಓದುವುದು, ಟೈಪ್ ಮಾಡುವುದು, ಎಲ್ಲ. ನನ್ನ ಬ್ರೌಸರಿನಲ್ಲಿ ಐದಿದ್ದವು. ನಾಲ್ಕು ನಿರುಪದ್ರವಿ. ಐದನೆಯದರ ಮೇಲೆ ಬಾಣ ನಿಲ್ಲಿಸಿ ರಿಪೇರಿಯಮ್ಮ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ಓದಿದರು. "ಇದನ್ನ ಯಾರು ಹಾಕಿದ್ದು?" ಎಂದು ಕೇಳಿದರು. ಇದೇ ಕಳ್ಳ, ಇದು ಬ್ರೌಸರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡುಗಳನ್ನೆಲ್ಲ ಬಾಚಿಕೊಂಡು ಹೋಗಿದೆ ಎಂದರು. "ಈ ಕಂಪ್ಯೂಟರಲ್ಲಿ ಯಾರಾದ್ರೂ ಗೇಮ್ ಆಡ್ತೀರಾ?" ಎಂದು ಮತ್ತೆ ಕೇಳಿದರು. ನಿಮ್ಮಪ್ಪ ಶಾಲೆಯ ಮಗುವಿನ ಹಾಗೆ ಕೈ ಎತ್ತಿದರು. ನಿಜವಾಗಿಯೂ ಕೈ ಎತ್ತಿದರು, ಗಿಲಕೀ. "ನಾನು ಮೇಡಂ. ಚೆಸ್ ಆಡ್ತೀನಿ" ಎಂದರು. ಅವರ ಮುಖ ಬಿಳಿಚಿಕೊಂಡಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ಕಾಪಿ ಇಡುವ ಮರದ ಸ್ಟ್ಯಾಂಡನ್ನು ಒರೆಸಿದ್ದೇ ಒರೆಸಿದ್ದು.

ನಿಮ್ಮಪ್ಪ ಅಂದಿನಿಂದ ಚೆಸ್ ಮುಟ್ಟಿಲ್ಲ. ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗಿದ್ದ ಒಂದೇ ಗೀಳು ಅದು. ಯಾವುದೋ ದೇಶದ ಯಾರೋ ಒಬ್ಬರು, ಮುಖದ ಜಾಗದಲ್ಲಿ ಕುದುರೆಯ ಚಿತ್ರ ಹಾಕಿಕೊಂಡವರು, ಅವರನ್ನು ಇವರು ಕುದುರೆ ಸಾಹೇಬರು ಎನ್ನುತ್ತಿದ್ದರು. ದಿನಕ್ಕೊಂದು ನಡೆ. ಬೆಳಗ್ಗೆ ಚಹಾ ಕುಡಿಯುತ್ತಾ "ಸಾಹೇಬ್ರು ಇವತ್ತು ಸಿಕ್ಕಿಬಿದ್ರು" ಎಂದು ಖುಷಿಪಡುತ್ತಿದ್ದರು. ಈಗ ಅಟ್ಟದಿಂದ ಮರದ ಹಲಗೆ ಇಳಿಸಿಕೊಂಡು, ಕಳೆದುಹೋದ ಆನೆಯ ಜಾಗಕ್ಕೆ ಒಂದು ಬಾಟಲಿ ಮುಚ್ಚಳ ಇಟ್ಟು, ಎರಡೂ ಕಡೆಯ ಆಟವನ್ನು ತಾವೇ ಆಡುತ್ತಾರೆ. ಮೊನ್ನೆ ನೀನು ಅತ್ತದ್ದು ತಿಳಿದ ಮೇಲೆ ಅದನ್ನೂ ಎತ್ತಿಟ್ಟರು. "ನನ್ನ ಹುಚ್ಚಿಗೆ ಮಗಳ ಕೆಲಸಕ್ಕೆ ಕುತ್ತು ಬಂತು" ಎಂದು ಒಂದೇ ಮಾತು ಹೇಳಿ ಹಿತ್ತಲಿಗೆ ಹೋಗಿ ನಿಂತರು. ಮುಂದಿನ ತಿಂಗಳು ನಿನ್ನನ್ನು ಖಾಯಂ ಮಾಡುವ ವಿಚಾರ ಇದೆಯೆಂದು ಅವರಿಗೂ ಗೊತ್ತು. ನಾನು ಆಗಲೂ ನಿಜ ಹೇಳಲಿಲ್ಲ.

ನಿನ್ನ ಪಾಸ್‌ವರ್ಡ್ ಹೇಗೆ ಹೋಯಿತು ಎನ್ನುತ್ತೀಯ? ಹೊರಡುವ ದಿನ ನೀನು ನನ್ನ ಕಂಪ್ಯೂಟರಿನಲ್ಲಿ ನಿನ್ನ ಮೇಲ್ ತೆರೆದಿದ್ದೆ, ನೇಮಕದ ಪತ್ರ ಪ್ರಿಂಟ್ ಮಾಡಲು. "ಈ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ" ಎಂದು ಬ್ರೌಸರ್ ಕೇಳಿತು, ನೀನು ಗಡಿಬಿಡಿಯಲ್ಲಿ ಹೌದು ಎಂದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು "ಅಮ್ಮಾ, ನನ್ನ ಮೇಲ್ ಅದ್ರಲ್ಲೇ ಉಳ್ಕೊಂಡಿದೆ, ಅಳಿಸ್ಬಿಡು" ಎಂದು ಬಾಗಿಲಿಂದ ಕೂಗಿ ಹೇಳಿದೆ. ನಾನು ಅಳಿಸಲಿಲ್ಲ. ಅಷ್ಟೇ ಅಲ್ಲ. ಶನಿವಾರ ರಿಪೇರಿಯಮ್ಮ ಹೋಗುವಾಗ, "ಇದರಲ್ಲಿ ನಿಮ್ಮ ಮಗಳದ್ದೂ ಇತ್ತು. ಇವತ್ತೇ ಫೋನ್ ಮಾಡಿ ಬದಲಾಯಿಸೋಕೆ ಹೇಳಿ, ನಾಳೆ ಅನ್ನಬೇಡಿ" ಎಂದು ನನ್ನ ಕೈ ಹಿಡಿದು ಹೇಳಿ ಹೋಗಿದ್ದರು. ನಾನು ನಾಳೆ ಎಂದೆ. ಭಾನುವಾರ ಎಂದೆ, ಸೋಮವಾರ ಎಂದೆ. ಹೇಳಿದರೆ ಹೇಗಾಯಿತು ಎಂದು ನೀನು ಕೇಳುತ್ತೀಯಲ್ಲ, ಅದಕ್ಕೆ ಹೆದರಿದೆ. ಹೋದ ಬುಧವಾರ ನಿನ್ನ ಹೆಸರಿನಲ್ಲಿ ಕೇಂದ್ರದವರಿಗೆಲ್ಲ ಹೋಯಿತು. ಶನಿವಾರವೇ ಒಂದು ಫೋನ್ ಮಾಡಿದ್ದರೆ ನಿನಗೆ ಮೆಮೋ ಬರುತ್ತಿರಲಿಲ್ಲ, ಔಷಧಿಯ ಪಟ್ಟಿ ಸಿಗದೆ ಯಾವ ಮೂಕಪ್ರಾಣಿಯೂ ಕಾಯುತ್ತಿರಲಿಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಲು ನಾಚಿಕೆಯಾಗುತ್ತಿದೆ.

ಇನ್ನು ಆ ಐದನೆಯ ಸಾಮಾನು ಹೇಗೆ ಒಳಗೆ ಬಂತು ಎಂಬುದು. ನಾನು ಟೈಪಿಂಗ್ ಶಾಲೆಯಲ್ಲಿ ಹೇಗೆ ಹೇಳಿಕೊಡುತ್ತಿದ್ದೆ ಎಂದು ನಿನಗೆ ಗೊತ್ತಲ್ಲ. ಮೊದಲ ದಿನ ಬಂದವರು ಕೀಗಳನ್ನು ಹುಡುಕುತ್ತಾ ಒಂದೇ ಬೆರಳಿನಲ್ಲಿ ಕುಟ್ಟುತ್ತಾರೆ. ನಾನು ಅವರ ಕೈಯ ಮೇಲೆ ಕರವಸ್ತ್ರ ಹೊದಿಸುತ್ತಿದ್ದೆ. "ಕಣ್ಣು ಕಾಪಿ ಮೇಲೆ, ಬೆರಳು ಕೀ ಮೇಲೆ" ಎಂದು ದಿನಕ್ಕೆ ನೂರು ಸಲ. ಟೈಪಿಸ್ಟ್ ಆದವಳು ತಾನು ಹೊಡೆಯುವ ಹಾಳೆಯನ್ನು ನೋಡಬಾರದು, ನೋಡಿದರೆ ವೇಗ ಬಿತ್ತು. ಹಳೆಯ ಮೆಷಿನ್ನಿನಲ್ಲಿ ಸಾಲು ಮುಗಿಯುವ ಮೊದಲು ಒಂದು ಸಣ್ಣ ಗಂಟೆ ಟಿಂಗ್ ಎನ್ನುತ್ತಿತ್ತು, ಅಷ್ಟೇ ನಮಗೆ ಎಚ್ಚರಿಕೆ. ಕಂಪ್ಯೂಟರಿಗೆ ಆ ಗಂಟೆ ಇಲ್ಲ. ಕಲ್ಲಿನ ಮೇಷ್ಟ್ರ ಹಸ್ತಪ್ರತಿ ಎದುರಿಗಿಟ್ಟುಕೊಂಡು ನಾನು ಬಂಡೆಗಳ ಲೋಕದಲ್ಲಿರುವಾಗ, ತೆರೆಯ ಮೇಲೆ ಏನೇನೋ ಕೇಳುತ್ತಿರುತ್ತದೆ, ಒಪ್ಪಿಗೆಯೇ, ಮುಂದುವರಿಯಲೇ, ಸೇರಿಸಲೇ ಎಂದು. ನನ್ನ ಬೆರಳು ಸಾಲು ಮುಗಿಯಿತೆಂದು ಎಂಟರ್ ಒತ್ತುತ್ತದೆ. ಆ ಮೂವತ್ತೇಳು ಒಪ್ಪಿಗೆಗಳು ಹಾಗೆ ಬಂದವೇ ಇರಬೇಕು. ಆ ಐದನೆಯದೂ ಹಾಗೆಯೇ ಬಂದಿದೆ. ಇದೇ ನಡೆದದ್ದು ಎಂದು ನಿನ್ನ ದೊಡ್ಡ ಡಾಕ್ಟರಿಗೆ ತಿಳಿಸು. ಬೇಕಾದರೆ ಈ ಮೂರು ಹಾಳೆಗಳನ್ನೇ ಅವರ ಮುಂದಿಡು. ನನ್ನ ಮಗಳು ಪ್ರಾಣಿಗಳ ವಿಷಯದಲ್ಲಾಗಲಿ ಕಾಗದಪತ್ರದ ವಿಷಯದಲ್ಲಾಗಲಿ ಎಂದೂ ಅಜಾಗ್ರತೆ ಮಾಡಿದವಳಲ್ಲ, ತಪ್ಪು ಅವಳ ತಾಯಿಯದು ಎಂದು ನಾನು ಸಹಿ ಹಾಕಿ ಬರೆದುಕೊಡುತ್ತಿದ್ದೇನೆ.

ನೀನು ಈಗಲೇ ಮಾಡಬೇಕಾದದ್ದು ಇದು. ಮೇಲನ್ನು ಕೇಂದ್ರದವರು ಮುಚ್ಚಿಸಿದ್ದಾರೆ ಎಂದೆ, ಸರಿ, ಆದರೆ ಆ ಪಾಸ್‌ವರ್ಡ್ ನೀನು ಬೇರೆ ಎಲ್ಲೆಲ್ಲಿ ಬಳಸುತ್ತೀಯೋ ಅಲ್ಲೆಲ್ಲ ಬದಲಾಯಿಸು. ನಮ್ಮ ಹಳೆಯ ಬೆಕ್ಕಿನ ಹೆಸರು, ಮುಂದೆ ಮನೆಯ ನಂಬರು. ನಿನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಮೇಲ್ ತೆರೆಯುವಾಗ ನಾನೇ ಮಾಡಿಕೊಟ್ಟದ್ದು, ಹದಿನೈದು ವರ್ಷದಿಂದ ಅದೇ ಇದೆ. ಬೆಕ್ಕು ಸತ್ತು ಎಷ್ಟು ಕಾಲವಾಯಿತು, ಅದನ್ನು ಇನ್ನೂ ಕಾವಲಿಗೆ ಇಟ್ಟುಕೊಂಡಿದ್ದೀಯಲ್ಲ! ಒಂದೊಂದು ಕಡೆಗೆ ಒಂದೊಂದು ಇರಲಿ, ಉದ್ದವಿರಲಿ. ಪಾಸ್‌ವರ್ಡ್ ಹಾಕಿದ ಮೇಲೂ ಫೋನಿಗೆ ಬರುವ ಅಂಕಿ ಕೇಳುವ ಹಾಗೆ ಎರಡನೆಯ ಚಿಲಕ ಇಡು. ಬಳಸದ ಎಕ್ಸ್‌ಟೆನ್ಷನ್‌ಗಳನ್ನು ಕಿತ್ತುಹಾಕು. ಅಪ್‌ಡೇಟ್ ಕೇಳಿದರೆ ಬ್ರೌಸರಿನ ಒಳಗಿಂದಲೇ ಮಾಡು, ದಾರಿಯಲ್ಲಿ ಕಾಣುವ ಯಾವುದೋ ಪುಟ ನಿನ್ನ ಬ್ರೌಸರ್ ಹಳೆಯದಾಯಿತು ಎಂದು ಕೂಗಿದರೆ ನಂಬಬೇಡ. ನನ್ನ ಹೆಸರಿನಲ್ಲಿ ಬಂದ ಹಳೆಯ ಮೇಲನ್ನು ತೆರೆಯದೆಯೇ ಅಳಿಸು. ನೋಡು, ಮತ್ತೆ ಬುದ್ಧಿ ಹೇಳುತ್ತಿದ್ದೇನೆ. ಈ ಸಲ ಮಾತ್ರ ಇವು ರಿಪೇರಿಯಮ್ಮನ ಮಾತುಗಳು, ನಾನು ಬರೇ ಕಾಪಿ ಮಾಡಿದ್ದೇನೆ.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳುತ್ತೇನೆ. ಹೇಳಿದ ಮೇಲೆಯೇ ಇದನ್ನು ಅಂಚೆಗೆ ಹಾಕುತ್ತೇನೆ.

ಕಾಲು ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ಮುಟ್ಟಿದ ಪ್ರಾಣಿಗಳೆಲ್ಲ ನಿನ್ನನ್ನು ಹರಸಲಿ, ಅವುಗಳಲ್ಲಿ ಆ ಕತ್ತೆಯೂ ಸೇರಲಿ. ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಗೆಳತಿಗೆ, ದೊಡ್ಡ ಡಾಕ್ಟರಿಗೆ ನನ್ನ ನಮಸ್ಕಾರ ಹೇಳು. ನಿನ್ನನ್ನು ತಲೆ ಎತ್ತಿ ನೋಡುವ ಯೋಗ್ಯತೆ ಸದ್ಯಕ್ಕೆ ಇಲ್ಲದ, ಆದರೂ ನಿನಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುವ,

ನಿನ್ನ ಅಮ್ಮ

ಮರೆತ ಮಾತು: ಮೂರೂವರೆ ಗಂಟೆ. ಇದು ನಾಲ್ಕನೆಯ ಹಾಳೆ, ಬೇರೆಯದು, ನಿನಗೆ. ಬೇಗ ಬೇಗ ಬರೆಯುತ್ತಿದ್ದೇನೆ. ನಿಮ್ಮಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ನಾಲ್ಕು ಗಂಟೆಗೆ ಅಂಚೆ ಡಬ್ಬ ತೆಗೆಯುತ್ತಾರೆ.

ಊಟದ ಹೊತ್ತಿನಲ್ಲಿ ಅವರಿಗೆ ಹೇಳಿದೆ, ಮೇಲೆ ಬರೆದ ಹಾಗೆಯೇ, ಬೆರಳಿನ ಅಭ್ಯಾಸ ಎಂದು. ಅವರು ಕೋಪಿಸಿಕೊಳ್ಳಲಿಲ್ಲ. ತಟ್ಟೆಯಿಂದ ತಲೆ ಎತ್ತಿ, "ನಲವತ್ತು ವರ್ಷ ನಮ್ಮನ್ನ ಸಾಕಿದ ಬೆರಳು ಕಣೇ. ಒಂದ್ಸಲ ತಪ್ಪು ಮಾಡಿದ್ರೆ ಮಾಡ್ಲಿ ಬಿಡು" ಎಂದರು. ಎದ್ದು ಬಂದು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಂಡು ಎದ್ದೆ. ಯಾಕೆಂದರೆ ನಾನು ಹೇಳಿದ್ದು ಸುಳ್ಳು, ಗಿಲಕೀ. ಒಪ್ಪಿಗೆಗಳೇನೋ ಹಾಗೆ ಬಂದಿರಬಹುದು. ಆ ಐದನೆಯದು ಹಾಗೆ ಬರಲಿಲ್ಲ. ಎಂಟರ್ ಒತ್ತಿದರೆ ಅದು ಸೇರುವುದೂ ಇಲ್ಲ, ಮೌಸ್ ಹಿಡಿದು ಎರಡು ಕಡೆ ಒತ್ತಬೇಕು. ರಿಪೇರಿಯಮ್ಮನಿಗೆ ಇದು ಗೊತ್ತಿತ್ತು. ಅದರ ಹೆಸರನ್ನು ಓದಿದ ಮೇಲೆ ಅವರು ನೋಡಿದ್ದು ನನ್ನನ್ನು. ಹೋಗುವಾಗ ಮೆಟ್ಟಿಲ ಹತ್ತಿರ "ನಂಗೂ ಮಗಳಿದಾಳೆ" ಎಂದಷ್ಟೇ ಹೇಳಿದರು.

"ನಿಮ್ಮವರು ಯಾರ ಜೊತೆ ಮಾತಾಡುತ್ತಾರೆ, ಏನು ಮಾತಾಡುತ್ತಾರೆ, ಎಲ್ಲವನ್ನೂ ನೋಡಿ." ಅದರ ಮೇಲೆ ಬರೆದದ್ದು ಇಷ್ಟು. ನಾನೇ ಹುಡುಕಿಕೊಂಡು ಹೋದದ್ದು. ಹಲ್ಲಿನ ಡಾಕ್ಟರು ಫೋನ್ ಮಾಡಿದ ಗುರುವಾರಕ್ಕೆ ಮೂರು ದಿನ ಮೊದಲು, ಸೋಮವಾರ ಬೆಳಿಗ್ಗೆ, ನಿಮ್ಮಪ್ಪ ಕೆಮ್ಮಿನ ಔಷಧಿ ತರಲು ಹೋಗಿದ್ದರು. ನೀನು ಹುಟ್ಟಿದಾಗಿನಿಂದ ಗಲಗಲ ಎನ್ನುತ್ತಿದ್ದೆ, ಶಾಲೆಯ ಪೆನ್ಸಿಲ್ ಮುರಿದದ್ದರಿಂದ ಹಿಡಿದು ಎಲ್ಲವನ್ನೂ ನನಗೆ ಹೇಳಿಯೇ ಮಲಗುತ್ತಿದ್ದೆ, ಅದಕ್ಕೇ ತಾನೇ ಆ ಹೆಸರಿಟ್ಟದ್ದು. ಹೋದ ವರ್ಷದಿಂದ ಕೋಣೆಯ ಬಾಗಿಲು ಮುಚ್ಚಿಕೊಂಡು ಫೋನಿನಲ್ಲಿ ಮೆಲ್ಲಗೆ ಮಾತಾಡುವುದು, ನಾನು ಒಳಗೆ ಬಂದರೆ "ಏನಿಲ್ಲಮ್ಮ" ಎನ್ನುವುದು. ಅಷ್ಟು ದೂರದ ಕೆಲಸಕ್ಕೆ ಯಾಕೆ ಹೋದೆ ಎಂದು ಕೇಳಿದರೂ "ಏನಿಲ್ಲಮ್ಮ." ಆ ಏನಿಲ್ಲದ ಹಿಂದೆ ಏನಿದೆ ಎಂದು ನನಗೆ ತಿಳಿಯಬೇಕಿತ್ತು. ನಿನ್ನನ್ನು ಕೇಳಬಹುದಿತ್ತು. ಕೇಳಿದರೆ ನೀನು ಹೇಳಲಾರೆ ಎಂಬ ಭಯಕ್ಕಿಂತ, ಹೇಳಿಬಿಟ್ಟರೆ ಎಂಬ ಭಯ ಜಾಸ್ತಿಯಿತ್ತೋ ಏನೋ. ನಿಮ್ಮಪ್ಪನಿಗೆ ಗೊತ್ತಾಗದಿರಲಿ ಎಂದು ಮೊದಲು, ನೋಡಿದ್ದರ ಗುರುತು ಉಳಿಸದ ಪ್ರೈವೇಟ್ ವಿಂಡೋ ತೆರೆದೆ. ಅದು ಮನೆಯವರಿಂದ ಮಾತ್ರ ಮುಚ್ಚಿಡುತ್ತದೆ, ಹೊರಗಿನ ಕಳ್ಳನಿಂದಲ್ಲ. ನನಗೆ ಬೇಕಿದ್ದದ್ದೂ ಅಷ್ಟೇ.

ಕಂಪ್ಯೂಟರಿಗೆ ಗಂಟೆ ಇಲ್ಲ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ಬ್ರೌಸರ್ ಇಡೀ ತೆರೆಯನ್ನು ಕೆಂಪು ಮಾಡಿತು. ಈ ತಾಣ ಅಪಾಯಕಾರಿ, ನಿಮ್ಮ ಪಾಸ್‌ವರ್ಡ್ ಕದಿಯಬಹುದು ಎಂದು ದೊಡ್ಡ ಅಕ್ಷರದಲ್ಲಿ ಬರೆಯಿತು. ನಾನು ಪೂರ್ತಿ ಓದಿದೆ. ಹಿಂದಕ್ಕೆ ಹೋಗಿ ಎಂಬ ದೊಡ್ಡ ಗುಂಡಿಯನ್ನು ಬಿಟ್ಟು, ಕೆಳಗೆ ಸಣ್ಣದಾಗಿದ್ದ ವಿವರಗಳು ಎಂಬುದನ್ನು ಹುಡುಕಿ, ಅದರೊಳಗೆ ಇನ್ನೂ ಸಣ್ಣದಾಗಿದ್ದ ಆದರೂ ಮುಂದುವರಿಯಿರಿ ಎಂಬುದನ್ನು ಒತ್ತಿದೆ. ಆಮೇಲೆ ಅದು ನಿನ್ನ ಹೆಸರು, ಫೋನ್ ನಂಬರು, ಇ-ಮೇಲಿನ ಪಾಸ್‌ವರ್ಡ್ ಕೇಳಿತು. ಬ್ರೌಸರಿನಿಂದ ಅದು ಕದಿಯುವ ಮೊದಲೇ ನಾನು ಕೈಯಾರೆ ಕೊಟ್ಟಿದ್ದೆ. ಬೆಕ್ಕಿನ ಹೆಸರು, ಮನೆಯ ನಂಬರು. ಒಂದೇ ಬೆರಳಿನಲ್ಲಿ ಟೈಪ್ ಮಾಡಿದೆ, ಗಿಲಕೀ. ಮೊದಲ ದಿನ ಬಂದ ಹುಡುಗಿಯ ಹಾಗೆ ಒಂದೊಂದು ಕೀಯನ್ನೂ ನೋಡಿ ನೋಡಿ ಒತ್ತಿದೆ, ತಪ್ಪಾಗಬಾರದೆಂದು. ಬೆರಳಿನ ತಪ್ಪಲ್ಲ, ನೋಡಿಕೊಂಡೇ ಮಾಡಿದ್ದು. ಒಂದು ಚಕ್ರ ಸುತ್ತಿತು, ಕೋರಿಕೆ ಸ್ವೀಕರಿಸಲಾಗಿದೆ ಎಂದು ಬಂತು, ಅಷ್ಟೇ. ನಿನ್ನ ಬಗ್ಗೆ ಒಂದಕ್ಷರವೂ ಕಾಣಲಿಲ್ಲ. ಕಾಣುತ್ತದೇನೋ ಎಂದು ಮೂರು ದಿನ ತೆಗೆದು ತೆಗೆದು ನೋಡಿದೆ, ಅದನ್ನೂ ಹೇಳಿಬಿಡುತ್ತೇನೆ.

ಈ ಹಾಳೆಯನ್ನೂ ದೊಡ್ಡ ಡಾಕ್ಟರಿಗೆ ತೋರಿಸು. ನನ್ನ ಮಾನ ಉಳಿಸಲು ಹೋಗಿ ನಿನ್ನ ಉತ್ತರದಲ್ಲಿ ಸುಳ್ಳು ಸೇರಿಸಬೇಡ, ಮೂರು ಹಾಳೆ ಸಾಕು ಎಂದುಕೊಳ್ಳಬೇಡ. ಲಕೋಟೆಯನ್ನು ನಾನು ಅಂಟಿಸುತ್ತಿಲ್ಲ. ಹಾಗೇ ನಿಮ್ಮಪ್ಪನ ಕೈಗೆ ಕೊಟ್ಟು, ಕೊನೆಯ ಹಾಳೆ ಓದಿ ನೀವೇ ಅಂಟಿಸಿ ಎನ್ನುತ್ತೇನೆ. ಇನ್ನು ಮುಂದೆ ಅವರು ನನ್ನ ಕೈ ಹಿಡಿದರೆ ಎಲ್ಲ ಗೊತ್ತಿದ್ದೇ ಹಿಡಿಯಲಿ. ಲಕೋಟೆ ಅಂಟಿಕೊಂಡು ನಿನಗೆ ತಲುಪಿದ್ದರೆ ಅವರು ಓದಿದ್ದಾರೆಂದು ತಿಳಿ.

"ಇನ್ನೂ ಎಷ್ಟು ಹೊತ್ತೇ" ಎನ್ನುತ್ತಿದ್ದಾರೆ. ಒಂದೇ ಮಾತು. ಹೊಸ ಪಾಸ್‌ವರ್ಡ್ ನಾನು ಊಹಿಸಲಾಗದ್ದು ಇರಲಿ. ಬೆಕ್ಕು ಬೇಡ, ಮನೆ ಬೇಡ, ನಿನ್ನ ಹುಟ್ಟಿದ ದಿನ ಬೇಡ, ನನಗೆ ಗೊತ್ತಿರುವ ಯಾವುದೂ ಬೇಡ. ಮಾಡಿದ ಮೇಲೆ ನನಗೆ ಹೇಳಬೇಡ. ನಾನು ಕೇಳಿದರೂ ಹೇಳಬೇಡ.